ಹಳ್ಳದಂಚಿನ ತೋಟವೂ ಅವ್ಯಕ್ತ ಗಣಿತವೂ

ಕನ್ನಡ ಕಲಿಸಿ ಹೊಟ್ಟೆ ಹೊರೆಯುವವನಿಗೆ ಗಣಿತದ ಗೊಡವೆ ಏತಕ್ಕೆಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಶಾಲೆಯ ಕೊನೆಯ ಪರೀಕ್ಷೆ ಮುಗಿದ ದಿನವೇ ಗಣಿತಕ್ಕೆ ದೂರದಿಂದ ಕೈಮುಗಿದವನು ನಾನು. ಇಪ್ಪತ್ತು ವರ್ಷಗಳಿಂದ ಶಿರಸಿಯಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳುತ್ತಿರುವಾಗ ಮತ್ತೆ ಅದರ ಮುಖ ನೋಡುವ ಪ್ರಸಂಗ ಬಂದಿರಲಿಲ್ಲ. ಬಂದದ್ದು ಮನೆಯ ತೋಟದ ಪಾಲಿನ ದೆಸೆಯಿಂದ. ಅಲ್ಲಿಂದ ಹೊರಟವನು ಒಂಬತ್ತನೆಯ ಶತಮಾನದವರೆಗೆ ಹೋಗಿ ಮರಳಿದೆ.

ನಮ್ಮ ಹಳ್ಳಿ ಸಿದ್ದಾಪುರ ತಾಲೂಕಿನದು. ಎರಡು ಗುಡ್ಡಗಳ ನಡುವೆ ಹಳ್ಳ, ಹಳ್ಳದ ದಂಡೆಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ: ಈ ಸೀಮೆಯ ಎಲ್ಲ ಊರುಗಳಂತೆಯೇ. ಅಜ್ಜ ತನ್ನ ಇಬ್ಬರು ಮಕ್ಕಳಿಗೆ, ಎಂದರೆ ನಮ್ಮ ಅಪ್ಪಯ್ಯನಿಗೂ ದೊಡ್ಡಪ್ಪನಿಗೂ, ತೋಟವನ್ನು ಮನೆವಾರು ಹಂಚಿಕೊಟ್ಟಿದ್ದ. ಸರಕಾರದ ದಫ್ತರದಲ್ಲಿ ಪೋಡಿ ಆಗಲಿಲ್ಲ. ಅಲ್ಲಿ ಇಂದಿಗೂ ಒಂದೇ ಸರ್ವೆ ನಂಬರು. ದೊಡ್ಡಪ್ಪನ ಮನೆಯವರು ಯಲ್ಲಾಪುರಕ್ಕೆ ಹೋಗಿ ನೆಲಸಿದರು. ಅವರ ಪಾಲನ್ನೂ ನಾವೇ ನೋಡಿಕೊಂಡೆವು. ನಡುವಣ ಬೇಲಿಯನ್ನು ಗೆದ್ದಲು ತಿಂದಿತು, ಯಾರೂ ಮತ್ತೆ ಕಟ್ಟಲಿಲ್ಲ. ಎರಡು ವರ್ಷಗಳ ಹಿಂದೆ ದೊಡ್ಡಪ್ಪನ ಮಗ ಬಂದು, ತನ್ನ ಪಾಲನ್ನು ತಾನೇ ಮಾಡಿಸುವೆನೆಂದು ಹೇಳಿದ. ಗಡಿ ಎಲ್ಲಿ? ಅಟ್ಟದ ಮೇಲಿನ ಪೆಟ್ಟಿಗೆಯಿಂದ ಅಜ್ಜನ ಕಡತ ಇಳಿಯಿತು. ಅದರಲ್ಲಿ ನಮ್ಮ ಪಾಲಿನ ಬಗ್ಗೆ ಇದ್ದದ್ದು ಎರಡೇ ಮಾತು: ಕ್ಷೇತ್ರ ಮೂವತ್ತು ಗುಂಟೆ, ಹಳ್ಳದ ಮಗ್ಗುಲು ಬಿಟ್ಟು ಮೂರು ಕಡೆಯ ಬೇಲಿ ಹದಿನಾರು ಸರಪಳಿ.

ಹಳೆಯ ಮುಂಬಯಿ ಪ್ರಾಂತದ ಭೂಮಾಪನದ ಸರಪಳಿ ಮೂವತ್ತಮೂರು ಅಡಿಯದು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ. ಆದುದರಿಂದ ಲೆಕ್ಕ ನೇರವಾದದ್ದು. ಹಳ್ಳದ ಉದ್ದಕ್ಕೆ ಇರುವ ಅಳತೆಯನ್ನೂ ಹಳ್ಳದಿಂದ ಮೇಲೇರುವ ಅಳತೆಯನ್ನೂ ಗುಣಿಸಿದರೆ ಮೂವತ್ತು. ಮೇಲೇರುವ ಬೇಲಿ ಎರಡು, ಹಿಂದಿನ ಬೇಲಿ ಒಂದು, ಕೂಡಿದರೆ ಹದಿನಾರು. ಎರಡು ಗೊತ್ತಿಲ್ಲದ ಸಂಖ್ಯೆ, ಎರಡು ಸಮೀಕರಣ. ಶಿರಸಿಯಲ್ಲಿ ನಮ್ಮ ಮನೆಯಲ್ಲೇ ಇದ್ದು ಬಿ.ಎಸ್‌ಸಿ. ಓದುವ ಅಕ್ಕನ ಮಗಳು ತನ್ನ ಕಂಪ್ಯೂಟರಿನಲ್ಲಿ ಮ್ಯಾಕ್ಸಿಮಾ ಎಂಬ ತಂತ್ರಾಂಶವನ್ನು ತೆರೆದು ಎರಡು ಸಾಲು ಬರೆದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂದಿತು. ಆದರೆ ಒಂದಲ್ಲ, ಎರಡು. ಹಳ್ಳದುದ್ದ ಹತ್ತು ಸರಪಳಿ, ಮೇಲಕ್ಕೆ ಮೂರು. ಇಲ್ಲವೆ ಹಳ್ಳದುದ್ದ ಆರು, ಮೇಲಕ್ಕೆ ಐದು. ಎರಡನ್ನೂ ತಾಳೆ ನೋಡಿದೆವು. ಹತ್ತು ಮೂರಲೆ ಮೂವತ್ತು, ಬೇಲಿ ಹದಿನಾರು. ಆರೈದಲೆ ಮೂವತ್ತು, ಬೇಲಿ ಹದಿನಾರು. ಎರಡೂ ಸರಿ.

ಇದು ನಗುವ ಮಾತಾಗಿರಲಿಲ್ಲ. ಆ ಸರ್ವೆ ನಂಬರಿಗೆ ಹಳ್ಳದ ದಂಡೆ ಇರುವುದೇ ಹತ್ತು ಸರಪಳಿ. ಹತ್ತೂ ನಮ್ಮದೆಂದಾದರೆ ದೊಡ್ಡಪ್ಪನ ಮಗನಿಗೆ ನೀರಿಲ್ಲ. ಆರೇ ನಮ್ಮದಾದರೆ, ಏಳನೆಯ ಸರಪಳಿಯಲ್ಲಿ ನಾವು ಕೂರಿಸಿದ ಪಂಪ್‌ಸೆಟ್ಟು ಇನ್ನೊಬ್ಬರ ನೆಲದಲ್ಲಿದೆ. ಉತ್ತರ ಹತ್ತೇ ಇರಲೆಂದು ನನ್ನ ಮನಸ್ಸು ಹಾರೈಸಿತೆಂಬುದನ್ನು ಮುಚ್ಚಿಡುವುದಿಲ್ಲ. "ಮಾವ, ಯಂತ್ರಕ್ಕೆ ಇಷ್ಟೇ ಗೊತ್ತಾಗುವುದು, ಮುಂದಿನದು ನೀವೇ ನೋಡಬೇಕು" ಎಂದು ಹುಡುಗಿ ಹೇಳಿ ಎದ್ದುಹೋದಳು. ಲೆಕ್ಕವೆಂದರೆ ಒಂದೇ ಉತ್ತರವೆಂದು ನಂಬಿದ್ದ ನನಗೆ ಅಂದು ನಿದ್ರೆ ಬರಲಿಲ್ಲ. ಎರಡು ಉತ್ತರ ಕೊಡುವ ಲೆಕ್ಕಕ್ಕೆ ಚರಿತ್ರೆ ಇದೆಯೇ? ನಮ್ಮವರು ಇದನ್ನು ಎದುರಿಸಿದ್ದರೇ? ಹುಡುಕತೊಡಗಿದೆ.

*

ಹುಡುಕಾಟ ಮೊದಲು ನಿಂತದ್ದು ನನಗೆ ತೀರ ಪರಿಚಯದ ಅರಸನ ಆಸ್ಥಾನದಲ್ಲಿ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಹೆಸರನ್ನು ಕನ್ನಡದ ವಿದ್ಯಾರ್ಥಿಗೆ ಬೇರೆ ಹೇಳಬೇಕಾಗಿಲ್ಲ. ಕವಿರಾಜಮಾರ್ಗವನ್ನು ಅವನೇ ಬರೆದನೋ ಅವನ ಸಮ್ಮತಿಯಿಂದ ಶ್ರೀವಿಜಯನು ಬರೆದನೋ ಎಂಬ ಚರ್ಚೆಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಮಾಡುತ್ತೇನೆ. ಅದೇ ಅರಸನನ್ನು ಗ್ರಂಥಾರಂಭದಲ್ಲಿ ಸ್ತುತಿಸಿ, ಸುಮಾರು ೮೫೦ರಲ್ಲಿ ಜೈನ ಪಂಡಿತ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನೆಂಬುದು ನನಗೆ ಹೆಸರಿನಷ್ಟೇ ತಿಳಿದಿತ್ತು. ಅದನ್ನು ತೆರೆದು ನೋಡಿರಲಿಲ್ಲ. ಅದೇ ಕಾಲದಲ್ಲಿ ನಮ್ಮ ಬನವಾಸಿ ನಾಡನ್ನು ನೃಪತುಂಗನ ಪರವಾಗಿ ಬಂಕೆಯನು ಆಳುತ್ತಿದ್ದ. ೮೬೦ರ ದಾನವನ್ನು ಹೇಳುವ ಕೊಣ್ಣೂರಿನ ಶಾಸನ ಅವನ ಹಿರಿಮೆಯನ್ನು ಹೇಳುತ್ತದೆ. ಈ ಗ್ರಂಥ ಹುಟ್ಟಿದಾಗ ಶಿರಸಿ ಸೀಮೆಯ ನೆಲ ಆ ಅರಸನ ನೆಲವೇ ಆಗಿತ್ತು. ಮದರಾಸಿನಲ್ಲಿ ಎಂ. ರಂಗಾಚಾರ್ಯರು ೧೯೧೨ರಲ್ಲಿ ಇದನ್ನು ಸಂಪಾದಿಸಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಗಣಿತದ ಪ್ರಾಧ್ಯಾಪಕರಾದ ಪದ್ಮಾವತಮ್ಮನವರ ಕನ್ನಡ ಅನುವಾದ ೨೦೦೦ದಲ್ಲಿ, ನಮ್ಮ ನೆರೆಯ ಹೊಂಬುಜದ ಜೈನಮಠದ ಗ್ರಂಥಮಾಲೆಯಲ್ಲಿ ಹೊರಬಂದಿತು.

ಮಹಾವೀರನ ಲೆಕ್ಕಗಳಲ್ಲಿ ಕಾಡಿದೆ, ಪ್ರಾಣಿಗಳಿವೆ, ವ್ಯಾಪಾರಿಗಳಿದ್ದಾರೆ. ಅವನ ಒಂದು ಲೆಕ್ಕದ ತಿರುಳು ಇದು. ಒಂಟೆಗಳ ಹಿಂಡೊಂದರಲ್ಲಿ ಕಾಲು ಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಯಿತು. ಹದಿನೈದು ಒಂಟೆ ಹೊಳೆಯ ದಂಡೆಯಲ್ಲಿ ಉಳಿದವು. ಹಿಂಡು ಎಷ್ಟು? ಉತ್ತರ ಮೂವತ್ತಾರು. ಕಾಲು ಭಾಗ ಒಂಬತ್ತು, ವರ್ಗಮೂಲ ಆರರ ಎರಡರಷ್ಟು ಹನ್ನೆರಡು, ಹದಿನೈದು ಸೇರಿ ಮೂವತ್ತಾರು. ಈ ಲೆಕ್ಕವನ್ನು ಇಂದಿನ ವಿದ್ಯಾರ್ಥಿ ಮಾಡುವಾಗ ವರ್ಗಮೂಲದ ಕಾಟ ತಪ್ಪಿಸಲೆಂದು ಎರಡು ಕಡೆಯನ್ನೂ ವರ್ಗ ಮಾಡುತ್ತಾನೆ. ಆಗ ಮೂವತ್ತಾರರ ಜೊತೆಗೆ ಇನ್ನೊಂದು ಉತ್ತರ ಹುಟ್ಟುತ್ತದೆ: ಹನ್ನೊಂದು ಒಂಟೆ, ಮತ್ತೊಂದು ಒಂಟೆಯ ಒಂಬತ್ತನೆಯ ಒಂದು ಪಾಲು! ಅದನ್ನು ಮೂಲ ಪ್ರಶ್ನೆಗೆ ಹಾಕಿ ನೋಡಿದರೆ ತಾಳೆಯಾಗುವುದಿಲ್ಲ. ಇದು ಪ್ರಶ್ನೆಯಲ್ಲಿ ಇದ್ದ ಉತ್ತರವಲ್ಲ, ದಾರಿಯಲ್ಲಿ ನಾವು ವರ್ಗ ಮಾಡಿದ್ದರಿಂದ ಒಳನುಸುಳಿದ ಉತ್ತರ. ಮದುವೆಯ ಪಂಕ್ತಿಯಲ್ಲಿ ಕರೆಯದೆ ಬಂದು ಕುಳಿತವನಂತೆ.

ಮಹಾವೀರನ ಸೂತ್ರ ಮೂವತ್ತಾರನ್ನೇ ಹಿಡಿಯುತ್ತದೆ. ಋಣಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವನೂ ಅವನೇ. ಲೆಕ್ಕ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಎಚ್ಚರ ಅವನಲ್ಲಿತ್ತು. ನಮ್ಮ ತೋಟದ ಜಾತಿಯ ಪ್ರಶ್ನೆಗಳೂ ಅವನಲ್ಲಿವೆ. ಕ್ಷೇತ್ರವೂ ಸುತ್ತಳತೆಯೂ ಸಂಖ್ಯೆಯಲ್ಲಿ ಸಮನಾಗುವ ಆಯತವನ್ನು ಕಂಡುಹಿಡಿಯುವುದು ಅಂಥದೊಂದು. ನಾಲ್ಕು ನಾಲ್ಕರ ಚೌಕ ಅಂಥದು: ಕ್ಷೇತ್ರ ಹದಿನಾರು, ಸುತ್ತಳತೆ ಹದಿನಾರು. ಮೂರು ಆರರ ಆಯತವೂ ಅಂಥದೇ: ಎರಡೂ ಹದಿನೆಂಟು. ಉದ್ದ ಅಗಲಗಳನ್ನು ಒಮ್ಮೆ ಗುಣಿಸಿ ಒಮ್ಮೆ ಕೂಡಿಸುವ ಪ್ರಶ್ನೆ ಬಂದಲ್ಲೆಲ್ಲ ಉತ್ತರ ಒಂದಕ್ಕಿಂತ ಹೆಚ್ಚಾಗುವ ಸಂಭವವಿದೆ.

ಬರೇ ಕೂಡಿಸಿ ಕಳೆಯುವ ಸಮೀಕರಣಗಳಲ್ಲಿ ಹೀಗಾಗದು. ಎರಡು ತೆಂಗಿನಕಾಯಿಗೂ ಮೂರು ಬಾಳೆಗೊನೆಗೂ ಇಷ್ಟು ಬೆಲೆ, ಐದಕ್ಕೂ ಒಂದಕ್ಕೂ ಇಷ್ಟು ಬೆಲೆ ಎಂದರೆ ಉತ್ತರ ಒಂದೇ. ಹಾಗಲ್ಲದಿದ್ದರೆ ಉತ್ತರವೇ ಇಲ್ಲ, ಇಲ್ಲವೆ ಲೆಕ್ಕವಿಲ್ಲದಷ್ಟು ಇದೆ. ಸರಿಯಾಗಿ ಎರಡು ಎಂಬುದು ಅಲ್ಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲದ್ದರಿಂದ ಗುಣಿಸಿದೊಡನೆ ಸಂಗತಿ ಬದಲಾಗುತ್ತದೆ. ಗಣಿತದವರು ಮೊದಲಿನದನ್ನು ರೇಖೀಯವೆಂದೂ ಎರಡನೆಯದನ್ನು ಅರೇಖೀಯವೆಂದೂ ಕರೆಯುತ್ತಾರೆ.

*

ಈ ಗೊತ್ತಿಲ್ಲದ ಸಂಖ್ಯೆಗೆ ನಮ್ಮ ಹಿಂದಿನವರು ಇಟ್ಟ ಹೆಸರು 'ಅವ್ಯಕ್ತ'. ಎಂಥ ಮಾತು! ವೇದಾಂತದಲ್ಲಿ ಕೇಳಿದ ಪದ ಲೆಕ್ಕದಲ್ಲಿ ಎದುರಾದಾಗ ನಾನು ಬೆರಗಾದೆ. ಅವ್ಯಕ್ತ ಒಂದಕ್ಕಿಂತ ಹೆಚ್ಚಾದಾಗ ಅವುಗಳನ್ನು ಬಣ್ಣಗಳಿಂದ ಕರೆದರು. ೧೧೫೦ರಲ್ಲಿ ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿಯನ್ನು ಮುಗಿಸಿದ ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಮೊದಲನೆಯ ಅವ್ಯಕ್ತ ಯಾವತ್ತಾವತ್, ಎಂದರೆ 'ಎಷ್ಟೋ ಅಷ್ಟು'. ಆಮೇಲಿನವು ಕಾಲಕ, ನೀಲಕ, ಪೀತಕ, ಲೋಹಿತ: ಕಪ್ಪು, ನೀಲಿ, ಹಳದಿ, ಕೆಂಪು. ಬರೆಯುವಾಗ ಮೊದಲಕ್ಷರ ಸಾಕು: ಯಾ, ಕಾ, ನೀ, ಪೀ, ಲೋ. ಎರಡು ಬಣ್ಣ ಗುಣಿಸಿದರೆ ಹುಟ್ಟುವುದು 'ಭಾವಿತ'. ಈ ವಿಚಾರ ಭಾಸ್ಕರನಿಗಿಂತ ಹಳೆಯದು. ೬೨೮ರ ಬ್ರಹ್ಮಗುಪ್ತನಲ್ಲಿಯೇ ಇದರ ಬೇರು ಇದೆ. ಭಾಸ್ಕರನು ತನ್ನ ಊರು ವಿಜ್ಜಡವಿಡ, ಅದು ಸಹ್ಯಪರ್ವತದ ಸೀಮೆಯದು ಎನ್ನುತ್ತಾನೆ. ಅದು ನಮ್ಮ ವಿಜಾಪುರವೆಂದು ಕೆಲವರು, ಖಾನದೇಶದ ಕಡೆಯ ಊರೆಂದು ಕೆಲವರು ವಾದಿಸುತ್ತಾರೆ. ಯಾವುದಾದರೂ ಆಗಲಿ, ಸಹ್ಯಾದ್ರಿಯಂತೂ ನಮಗೂ ಅವನಿಗೂ ಸಾಮಾನ್ಯ.

ಅವನ ಒಂದು ಭಾವಿತದ ಲೆಕ್ಕ: ಒಂದು ಸಂಖ್ಯೆಯ ನಾಲ್ಕರಷ್ಟು, ಇನ್ನೊಂದರ ಮೂರರಷ್ಟು, ಮೇಲೆ ಎರಡು ಸೇರಿಸಿದರೆ ಅವುಗಳ ಗುಣಲಬ್ಧಕ್ಕೆ ಸಮ. ಮೊದಲನೆಯದರಿಂದ ಮೂರನ್ನೂ ಎರಡನೆಯದರಿಂದ ನಾಲ್ಕನ್ನೂ ಕಳೆದು ಗುಣಿಸಿದರೆ ಹದಿನಾಲ್ಕು ಬರಬೇಕೆಂದು ತಿರುಗಿಸಿದರೆ ಮುಗಿಯಿತು. ಹದಿನಾಲ್ಕನ್ನು ಎಷ್ಟು ಬಗೆಯಲ್ಲಿ ಒಡೆಯಬಹುದೋ ಅಷ್ಟು ಉತ್ತರ: ಹದಿನೇಳು ಮತ್ತು ಐದು, ಹತ್ತು ಮತ್ತು ಆರು, ಐದು ಮತ್ತು ಹನ್ನೊಂದು, ನಾಲ್ಕು ಮತ್ತು ಹದಿನೆಂಟು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಮಂಗಗಳು. ಮಂಗನ ಹಾವಳಿಯಿಂದ ನೊಂದ ತೋಟಿಗರಿಗೆ ಈ ಲೆಕ್ಕ ಬೇಗ ಅರ್ಥವಾದೀತು. ಹಿಂಡಿನ ಎಂಟನೆಯ ಒಂದು ಪಾಲಿನ ವರ್ಗದಷ್ಟು ಮಂಗಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ ಹನ್ನೆರಡು ಗುಡ್ಡದ ಮೇಲಿವೆ, ಒಟ್ಟು ಎಷ್ಟು? ನಲವತ್ತೆಂಟು ಎಂದರೂ ಸರಿ, ಹದಿನಾರು ಎಂದರೂ ಸರಿ. ಭಾಸ್ಕರ ಎರಡನ್ನೂ ಒಪ್ಪುತ್ತಾನೆ. ಅದರ ಬೆನ್ನಿಗೇ ಇನ್ನೊಂದು ಹಿಂಡು: ಐದನೆಯ ಒಂದು ಪಾಲಿನಿಂದ ಮೂರು ಕಳೆದು ವರ್ಗ ಮಾಡಿದಷ್ಟು ಗುಹೆಗೆ ಹೋದವು, ಒಂದು ಕೊಂಬೆಯ ಮೇಲೆ ಕಂಡಿತು. ಸಮೀಕರಣ ಇಲ್ಲಿಯೂ ಎರಡು ಉತ್ತರ ಕೊಡುತ್ತದೆ: ಐವತ್ತು ಮತ್ತು ಐದು. ಐದರಲ್ಲಿ ಐದನೆಯ ಪಾಲು ಒಂದು. ಒಂದರಿಂದ ಮೂರನ್ನು ಕಳೆಯುವ ಮಂಗ ಎಲ್ಲಿದೆ? ಇದನ್ನು ಜನ ಒಪ್ಪುವುದಿಲ್ಲವೆಂಬ ಕಾರಣ ಕೊಟ್ಟು ಐದನ್ನು ಅವನು ಬಿಡುತ್ತಾನೆ. ಸಮೀಕರಣಕ್ಕೆ ಒಪ್ಪಿಗೆಯಾದ ಉತ್ತರವನ್ನು ಲೋಕ ಒಪ್ಪುತ್ತದೆಯೇ ಎಂದು ಅವನು ಮತ್ತೊಮ್ಮೆ ಕೇಳುತ್ತಾನೆ. ಗಣಿತದ ಗ್ರಂಥದಲ್ಲಿ ಜನದ ಮಾತಿಗೆ ಇಷ್ಟು ಬೆಲೆ ಇದೆಯೆಂದು ನಾನು ಎಣಿಸಿರಲಿಲ್ಲ.

ಇದೇ ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿಯೇ ಗಣಿತ ಬರೆದವನು ರಾಜಾದಿತ್ಯ. ವ್ಯವಹಾರಗಣಿತ, ಕ್ಷೇತ್ರಗಣಿತ ಮುಂತಾದವು ಅವನ ಕೃತಿಗಳು. ನೆಲ ಅಳೆಯುವವನಿಗೂ ಅಂಗಡಿಯವನಿಗೂ ಬೇಕಾದ ಲೆಕ್ಕವನ್ನು ಹಾಡಿ ನೆನಪಿಡಬಹುದಾದ ಕನ್ನಡ ಪದ್ಯದಲ್ಲಿ ಅವನು ಹೇಳಿದ. ಎಂ.ಎ. ತರಗತಿಯಲ್ಲಿ ನಾನು ಅವನ ಬಗ್ಗೆ ಓದಿದ್ದು ಕವಿಚರಿತೆಯ ಕೆಲವು ಸಾಲು. ನನ್ನ ವಿದ್ಯಾರ್ಥಿಗಳಿಗೆ ಹೇಳಿದ್ದು ಅದಕ್ಕಿಂತ ಕಡಮೆ.

*

ಇನ್ನು ಯಂತ್ರದ ಕಥೆ. ಅದು ಮಾಡುವ ಕೆಲಸವನ್ನು ಭಾಸ್ಕರನ ಅಕ್ಷರಗಳಲ್ಲಿಯೇ ನೋಡೋಣ. ಹಳ್ಳದಿಂದ ಮೇಲೇರುವ ಅಳತೆ ಯಾ, ಹಳ್ಳದುದ್ದ ಕಾ. ಮೊದಲನೆಯ ಸಮೀಕರಣ: ಯಾ ಕಾ ಭಾವಿತ ಮೂವತ್ತು. ಎರಡನೆಯದು: ಎರಡು ಯಾ, ಒಂದು ಕಾ ಕೂಡಿ ಹದಿನಾರು. ಎರಡನೆಯದನ್ನು ಯಾ ಇಂದ ಗುಣಿಸಿದರೆ ಅದರಲ್ಲಿಯೂ ಭಾವಿತ ಹುಟ್ಟುತ್ತದೆ. ಎರಡರಲ್ಲಿಯೂ ಭಾವಿತವಿದ್ದಾಗ ಒಂದನ್ನು ಇನ್ನೊಂದರಿಂದ ಕಳೆದರೆ ಭಾವಿತ ಹೊರಟುಹೋಗುತ್ತದೆ. ಉಳಿಯುವುದು ಯಾ ಒಂದೇ ಇರುವ ವರ್ಗಸಮೀಕರಣ: ಯಾ ವರ್ಗಕ್ಕೆ ಹದಿನೈದು ಕೂಡಿದರೆ ಎಂಟು ಯಾ. ಇದಕ್ಕೆ ಮೂರು ಮತ್ತು ಐದು ಉತ್ತರ. ಹೀಗೆ ಅವ್ಯಕ್ತಗಳನ್ನು ಒಂದೊಂದಾಗಿ ಹೊರಗೆ ಕಳಿಸಿ ಕೊನೆಗೆ ಒಂದನ್ನು ಉಳಿಸಿಕೊಳ್ಳುವುದಕ್ಕೆ ವಿಲೋಪನವೆಂದು ಹೆಸರು.

ಎರಡಾದರೆ ಸುಲಭ. ಹೆಚ್ಚಾದರೆ? ಚೀನದ ಝು ಷಿಜ್ಯೆ ೧೩೦೩ರಲ್ಲಿ ನಾಲ್ಕು ಅವ್ಯಕ್ತಗಳವರೆಗೆ ಈ ಕೆಲಸ ಮಾಡಿ ತೋರಿಸಿದ. ಜಪಾನಿನ ಸೆಕಿ ೧೬೮೩ರಲ್ಲಿ ಅದಕ್ಕೆ ವ್ಯವಸ್ಥಿತ ರೂಪ ಕೊಟ್ಟ. ಫ್ರಾನ್ಸಿನ ಬೆಜೂ ೧೭೭೯ರ ತನ್ನ ಗ್ರಂಥದಲ್ಲಿ ಉತ್ತರಗಳನ್ನು ಎಣಿಸುವ ಕೀಲಿಯನ್ನು ಕೊಟ್ಟ: ಉತ್ತರಗಳಿಗೆ ಎಣಿಕೆ ಇದ್ದರೆ, ಅವು ಸಮೀಕರಣಗಳ ಘಾತಗಳನ್ನು ಗುಣಿಸಿದಷ್ಟನ್ನು ಮೀರವು. ನಮ್ಮ ತೋಟದ ಒಂದು ಸಮೀಕರಣದ ಘಾತ ಎರಡು, ಇನ್ನೊಂದರದು ಒಂದು, ಗುಣಲಬ್ಧ ಎರಡು, ಉತ್ತರ ಎರಡು. ಘಾತ ಎರಡರ ಮೂರು ಸಮೀಕರಣವಾದರೆ ಎಂಟು, ಹತ್ತಾದರೆ ೧೦೨೪. ಹತ್ತು ಅವ್ಯಕ್ತಗಳ ಲೆಕ್ಕವನ್ನು ಕೈಯಲ್ಲಿ ಮಾಡಲು ಹೊರಟವನ ಕಾಗದ ಮುಗಿಯುತ್ತದೆ, ಮಸಿ ಮುಗಿಯುತ್ತದೆ, ಆಯುಷ್ಯವೂ ಮುಗಿದೀತು.

ಶ್ರಮದ ಮಾತು ಹಾಗಿರಲಿ, ದಾರಿಯಲ್ಲಿ ಎರಡು ಅಪಾಯ. ಒಂಟೆಯ ಲೆಕ್ಕದಲ್ಲಿ ಕಂಡಂತೆ ಇಲ್ಲದ ಉತ್ತರ ಒಳಗೆ ಬರುವುದು ಒಂದು. ಇದ್ದ ಉತ್ತರ ಕಳೆದುಹೋಗುವುದು ಇನ್ನೊಂದು. ಯಾ ಕಾ ಭಾವಿತವು ಐದು ಯಾ ಎಂದು ಕೊಟ್ಟರೆ, ನಮ್ಮ ಹುಡುಗರು ಎರಡು ಕಡೆಯೂ ಯಾ ಇಂದ ಭಾಗಿಸಿ ಕಾ ಐದೆಂದು ಬರೆದುಬಿಡುತ್ತಾರೆ. ಯಾ ಸೊನ್ನೆಯೂ ಆಗಿರಬಹುದಲ್ಲ! ಭಾಗಿಸಿದ ಕ್ಷಣದಲ್ಲಿ ಆ ಉತ್ತರ ಸದ್ದಿಲ್ಲದೆ ಸತ್ತಿತು. ಕರೆಯದವನು ಬಂದರೆ ಪಂಕ್ತಿಯಿಂದ ಎಬ್ಬಿಸಬಹುದು. ಕರೆದವನನ್ನೇ ಬಾಗಿಲಲ್ಲಿ ಮರೆತರೆ ಅದು ಗೊತ್ತಾಗುವುದೂ ಇಲ್ಲ.

ಯಾರನ್ನೂ ಸೇರಿಸದೆ ಯಾರನ್ನೂ ಬಿಡದೆ ವಿಲೋಪನ ನಡೆಸುವ ನಿಶ್ಚಿತ ಕ್ರಮವೊಂದನ್ನು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ೧೯೬೫ರಲ್ಲಿ ಬ್ರೂನೋ ಬುಖ್‌ಬರ್ಗರ್ ಎಂಬ ತರುಣ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಕೊಟ್ಟ. ಎರಡು ಸಮೀಕರಣಗಳ ಹಿರಿಯ ಪದಗಳನ್ನು ಸಮ ಮಾಡಿ ಕಳೆ. ಉಳಿದುದನ್ನು ಮಿಕ್ಕ ಸಮೀಕರಣಗಳಿಂದ ಸವೆಸು. ಏನಾದರೂ ಉಳಿದರೆ ಅದನ್ನೂ ಗುಂಪಿಗೆ ಸೇರಿಸು. ಹೊಸದೇನೂ ಹುಟ್ಟದಾಗ ನಿಲ್ಲು. ಯಾ, ಕಾ ಲೆಕ್ಕದಲ್ಲಿ ನಾವು ಮಾಡಿದ್ದು ಇದರದೇ ಮೊದಲ ಹೆಜ್ಜೆ. ಹೀಗೆ ಮಾಡಿ, ಯಾವ ಅವ್ಯಕ್ತ ಮೊದಲು ಹೋಗಬೇಕೆಂಬ ಸರದಿಯನ್ನೂ ಗೊತ್ತುಮಾಡಿದರೆ, ಗೋಜಲಾಗಿದ್ದ ಸಮೀಕರಣಗಳು ಏಣಿಯಂತೆ ನಿಲ್ಲುತ್ತವೆ: ಉತ್ತರಗಳಿಗೆ ಎಣಿಕೆ ಇರುವಲ್ಲಿ ಕೆಳಗಿನ ಮೆಟ್ಟಿಲಲ್ಲಿ ಒಂದೇ ಅವ್ಯಕ್ತ, ಅದು ತಿಳಿದರೆ ಮೇಲಿನದು, ಆಮೇಲೆ ಅದರ ಮೇಲಿನದು. ಹಳೆಯ ಗುಂಪಿಗೂ ಹೊಸ ಏಣಿಗೂ ಉತ್ತರಗಳು ಅವೇ, ಒಂದು ಹೆಚ್ಚಿಲ್ಲ, ಒಂದು ಕಡಮೆಯಿಲ್ಲ. ಬುಖ್‌ಬರ್ಗರ್ ಇದಕ್ಕೆ ತನ್ನ ಹೆಸರಿಡಲಿಲ್ಲ. ಗುರು ವೋಲ್ಫ್‌ಗಾಂಗ್ ಗ್ರ್ಯೋಬ್ನರ್ ಅವರ ಹೆಸರಿಟ್ಟ. ಗುರುದಕ್ಷಿಣೆ ನಮ್ಮ ದೇಶದ್ದಷ್ಟೇ ಅಲ್ಲ.

ಮೂರು ವರ್ಷಗಳ ಮೇಲೆ, ೧೯೬೮ರಲ್ಲಿ, ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಮ್ಯಾಕ್ಸಿಮಾ ಎಂಬ ಹುಡುಗಿಯ ತಂತ್ರಾಂಶದ ಪೂರ್ವಜ ಮ್ಯಾಕ್‌ಸಿಮಾದ ಕೆಲಸ ಆರಂಭವಾಯಿತು. ಅಂಕಿಗಳನ್ನಲ್ಲದೆ ಅಕ್ಷರಗಳನ್ನೇ ಗುಣಿಸಿ ಭಾಗಿಸುವ ಯಂತ್ರ ಅದು. ಅಲ್ಲಿಯ ಸರಕಾರದ ಇಂಧನ ಇಲಾಖೆಯ ಪಾಲಿಗೆ ಬಂದ ಪ್ರತಿಯನ್ನು ೧೯೮೨ರಿಂದ ಟೆಕ್ಸಾಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ಶೆಲ್ಟರ್ ಕಾಪಾಡಿಕೊಂಡು ಬಂದರು. ೧೯೯೮ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಹಂಚುವ ಅನುಮತಿಯನ್ನು ಪಡೆದರು, ೨೦೦೧ರಲ್ಲಿ ತೀರಿಕೊಂಡರು. ಆ ಅನುಮತಿ ಇಲ್ಲದಿದ್ದರೆ ಶಿರಸಿಯ ಬಾಡಿಗೆ ಮನೆಯಲ್ಲಿ ಕುಳಿತ ಹುಡುಗಿಗೆ ದುಡ್ಡು ಕೊಡದೆ ಅದು ದಕ್ಕುತ್ತಿರಲಿಲ್ಲ. ೨೦೨೧ರಲ್ಲಿ ಕರ್ನಾಟಕದ ಪದವಿ ಕಾಲೇಜುಗಳಿಗೆ ಬಂದ ಗಣಿತದ ಪಠ್ಯಕ್ರಮದಲ್ಲಿ ಇಂಥ ಮುಕ್ತ ತಂತ್ರಾಂಶಗಳ ಪ್ರಾಯೋಗಿಕ ತರಗತಿ ಸೇರಿತು.

ಯಂತ್ರಕ್ಕೂ ಮಿತಿಯುಂಟು. ಐದನೆಯ ಘಾತ ಮೊದಲಾಗಿ, ವರ್ಗಮೂಲಾದಿಗಳಿಂದ ಉತ್ತರ ಬರೆಯುವ ಸಾಮಾನ್ಯ ಸೂತ್ರವೇ ಇಲ್ಲವೆಂದು ೧೮೨೪ರಲ್ಲಿ ಏಬಲ್ ಸಿದ್ಧಮಾಡಿದ. ಅಲ್ಲಿ ದಶಾಂಶದ ಅಂದಾಜಿನಿಂದ ತೃಪ್ತಿಪಡಬೇಕು. ಕೆಲವು ಸಮೀಕರಣಗಳ ಏಣಿ ಊಹೆಗೂ ಮೀರಿ ಬೆಳೆಯುತ್ತದೆಂಬುದನ್ನು ೧೯೮೨ರಲ್ಲಿ ಮಯರ್ ಮತ್ತು ಮೆಯರ್ ಎಂಬಿಬ್ಬರು ತೋರಿಸಿದರು. ಎಲ್ಲಕ್ಕಿಂತ ದೊಡ್ಡ ಮಿತಿ ನಮ್ಮ ಮನೆಯ ಜಗಲಿಯಲ್ಲಿ ಕಂಡದ್ದು: ಎರಡೂ ನಿಜವಾದ ಉತ್ತರವಾದಾಗ ಯಾವುದೆಂದು ಹೇಳುವುದು ಅದರ ಕೆಲಸವಲ್ಲ.

*

ಈ ಚರಿತ್ರೆಯನ್ನು ಅಕ್ಕನ ಮಗಳಿಗೆ ಹೇಳಿದಾಗ ಅವಳು ಕಣ್ಣರಳಿಸಿದಳು. ವೇರಿಯಬಲ್ ಎಂಬುದನ್ನು ಅವಳು ಬಲ್ಲಳು. ಅವ್ಯಕ್ತವೆಂಬ ಮಾತನ್ನು ಕೇಳಿರಲಿಲ್ಲ. ನನಗೆ ಅವ್ಯಕ್ತವೆಂಬ ಮಾತು ಗೊತ್ತಿತ್ತು. ಅದ��ಿಂದ ತೋಟ ಅಳೆಯಬಹುದೆಂದು ಗೊತ್ತಿರಲಿಲ್ಲ. ನೃಪತುಂಗನ ಕಾಲದಲ್ಲಿ ಕಾವ್ಯದ ಲಕ್ಷಣವೂ ಲೆಕ್ಕದ ಲಕ್ಷಣವೂ ಒಂದೇ ಅರಸನ ನೆರಳಿನಲ್ಲಿ ಬರೆಯಲ್ಪಟ್ಟವು. ಇಂದು ಒಂದೇ ಕಾಲೇಜಿನ ಒಂದೇ ಪಡಸಾಲೆಯಲ್ಲಿ ಕನ್ನಡದ ಕೋಣೆಯೂ ಗಣಿತದ ಕೋಣೆಯೂ ಎದುರುಬದುರಾಗಿದ್ದು ಇಬ್ಬರೂ ಒಬ್ಬರ ಬಾಗಿಲನ್ನೊಬ್ಬರು ತಟ್ಟುವುದಿಲ್ಲ. ತಪ್ಪು ಗಣಿತದವರದಷ್ಟೇ ಎಂದು ಹೇಳಿ ಜಾರಿಕೊಳ್ಳಲಾರೆ. ರಾಜಾದಿತ್ಯನನ್ನು ಕೆಲವು ಸಾಲುಗಳಲ್ಲಿ ಮುಗಿಸಿದವನು ನಾನು. ಈ ವರ್ಷದಿಂದ ಅವನಿಗೆ ಒಂದು ಇಡೀ ತರಗತಿ ಕೊಡುತ್ತಿದ್ದೇನೆ, ಗಣಿತದ ಸಹೋದ್ಯೋಗಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು.

ತೋಟದ ಕಥೆಯನ್ನು ಮುಗಿಸಬೇಕು. ಅಣ್ಣ, ದೊಡ್ಡಪ್ಪನ ಮಗ, ನಾನು ಮೂವರೂ ಕಡತ ಹಿಡಿದು ಹಳ್ಳಕ್ಕೆ ಇಳಿದೆವು. ನಮ್ಮ ತೋಟದಲ್ಲಿ ಬಹಳ ವರ್ಷ ಕೊನೆ ಕೊಯ್ದ ಮುದುಕ ಕೊನೆಗೌಡನನ್ನೂ ಕರೆಸಿದೆವು. ಈಗ ಮರ ಹತ್ತಲು ಅವನಿಂದಾಗದು. ಆದರೆ ಯಾವ ಮರ ಯಾವಾಗಿನದೆಂದು ಬುಡ ನೋಡಿಯೇ ಹೇಳಬಲ್ಲ. ಪಾಲಾದ ಮೇಲೆ ಅಜ್ಜ ನಮ್ಮ ಪಾಲಿಗೆ ಹೊಸದಾಗಿ ಅಡಿಕೆ ಇಟ್ಟಿದ್ದ. ದೊಡ್ಡಪ್ಪನ ಪಾಲು ಆಗ ಗದ್ದೆಯಾಗಿದ್ದು ಬಹಳ ಕಾಲದ ಮೇಲೆ ತೋಟವಾಯಿತು. ಮುದುಕ ಹಳ್ಳದಂಚಿನಲ್ಲಿ ನಡೆಯುತ್ತ ಸಾಲುಗಳನ್ನು ಎಣಿಸಿದ. ಇಪ್ಪತ್ತೆರಡನೆಯ ಸಾಲಿನಲ್ಲಿ ನಿಂತು, ಇಲ್ಲಿಗೆ ಹಳೆಯವು ಮುಗಿದವು, ಮುಂದಿನವು ತಾನು ಸಂಸಾರಸ್ಥನಾದ ಮೇಲೆ ಇಟ್ಟವು ಎಂದ. ಸಾಲಿಗೆ ಸುಮಾರು ಒಂಬತ್ತು ಅಡಿ. ಇಪ್ಪತ್ತೆರಡು ಸಾಲಿಗೆ ನೂರ ತೊಂಬತ್ತೆಂಟು ಅಡಿ. ಮೂವತ್ತಮೂರರಿಂದ ಭಾಗಿಸಿದರೆ ಆರು. ಅಲ್ಲಿಯೇ ದರಕನ್ನು ಸರಿಸಿ ಅಗೆದಾಗ ಹಳೆಯ ಅಗಳ ಹೂತುಹೋದ ಗುರುತು, ಸುತ್ತಲಿನ ಮಣ್ಣಿಗಿಂತ ಕಪ್ಪಾದ ಪಟ್ಟಿ, ಬೆಟ್ಟದ ಕಡೆಗೆ ನೇರವಾಗಿ ಹೋಗಿತ್ತು.

ಅಣ್ಣ ನನ್ನ ಮುಖ ನೋಡಿ, "ತಮಾ, ಯಂತ್ರ ಎರಡು ಹೇಳ್ತು, ಅಜ್ಜ ಮಾಡಿದ್ದು ಒಂದೇಯ" ಎಂದ. ಹತ್ತು ಬೇಕೆಂದಿದ್ದ ನನ್ನ ಮನಸ್ಸು ಅವನಿಗೆ ಗೊತ್ತಿತ್ತೋ ಏನೋ. ಮಕ್ಕಳಲ್ಲಿ ಒಬ್ಬನಿಗೆ ಇಡೀ ಹಳ್ಳವನ್ನು ಕೊಟ್ಟು ಇನ್ನೊಬ್ಬನನ್ನು ಬಾಯಾರಿಸುವ ಅಜ್ಜನಲ್ಲ ಅವನೆಂದು ನನಗೆ ಮೊದಲೇ ಹೊಳೆಯಬೇಕಿತ್ತು. ಅವನಿಗೆ ಎರಡು ಮಾತು ಬರೆದರೆ ಸಾಕೆನಿಸಿತು, ಏಕೆಂದರೆ ಓದುವವರು ತೋಟವನ್ನು ಬಲ್ಲವರೆಂದು ಅವನ ಎಣಿಕೆ. ನೆಲ ಮರೆತವರ ಕೈಗೆ ಕಡತ ಸಿಕ್ಕೀತೆಂದು ಅವನಿಗೆ ಹೇಗೆ ತಿಳಿಯಬೇಕು?

ಪಂಪ್‌ಸೆಟ್ಟನ್ನು ಕಿತ್ತು ಐದನೆಯ ಸರಪಳಿಗೆ ತಂದೆವು. ದೊಡ್ಡಪ್ಪನ ಮಗ ಯಲ್ಲಾಪುರಕ್ಕೆ ಹೊರಡುವ ಮುನ್ನ, ಅಜ್ಜನ ಬರೆಹದ ಕೆಳಗೆ ಇದ್ದ ಖಾಲಿ ಜಾಗದಲ್ಲಿ ಮೂವರ ಸಹಿಯೊಡನೆ ಮೂರನೆಯ ಮಾತನ್ನು ನಾನು ಬರೆದೆ: ಹಳ್ಳದುದ್ದ ಆರು ಸರಪಳಿ. ಆ ರಾತ್ರಿ ಅಕ್ಕನ ಮಗಳು ಮೂರನೆಯ ಸಾಲನ್ನೂ ಸೇರಿಸಿ ಯಂತ್ರವನ್ನು ಮತ್ತೆ ಕೇಳಿದಳು. ಈ ಸಲ ಅದು ಒಂದೇ ಉತ್ತರ ಕೊಟ್ಟಿತು.